ದುರ್ಬೀನಿಗೊಂದು ರಾಗಿಕಲ್ಲು

ಹತ್ತೊಂಬೈನೂರ ಹದಿನಾಲ್ಕರಲ್ಲಿ ನಾನು ಓದು ನಿಲ್ಲಿಸಿದೆ. ಓದೇ ನನ್ನನ್ನು ನಿಲ್ಲಿಸಿತೆಂದು ನನ್ನ ಹೆಂಡತಿಯ ತಮ್ಮ ಹೇಳಿಕೊಂಡು ತಿರುಗುತ್ತಾನೆ. ಅವನು ಬಿ.ಎ. ಪಾಸಾದವನು, ಅವನ ಮಾತಿಗೆ ಮುದ್ರೆ ಇದೆ. ನಾನು ಊರೂರು ಸುತ್ತಿ ಫೋಟೊ ಹಿಡಿಯುವವನೊಬ್ಬನ ಪೆಟ್ಟಿಗೆ ಹೊತ್ತು, ಸಿರಾ, ಪಾವಗಡ, ಕೊರಟಗೆರೆಯ ಸಂತೆಗಳಲ್ಲೆಲ್ಲ ಬಿಸಿಲು ಕುಡಿದು, ಕೊನೆಗೆ ಮಧುಗಿರಿಯ ಪೇಟೆಯಲ್ಲಿ ನನ್ನದೇ ಸ್ಟುಡಿಯೋ ತೆರೆದವನು. ನನ್ನ ಮುದ್ರೆ ಅಂಗೈಯಲ್ಲಿದೆ.

ತುಮಕೂರಿನಲ್ಲಿ ಒಬ್ಬ ಇಂಗ್ಲಿಷ್ ದೊರೆ ತನ್ನ ಸೀಮೆಗೆ ಹಿಂದಿರುಗುವಾಗ ಮನೆಯ ಸಾಮಾನೆಲ್ಲ ಹರಾಜಿಗೆ ಬಂತು. ಅದರಲ್ಲೊಂದು ಹಿತ್ತಾಳೆಯ ದುರ್ಬೀನು. ಸೇರಿದ್ದವರು ಫಿರಂಗಿ ಎಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಮುಂದೆ ಹೋದೆ. ಎಳೆಗರುವಿನಷ್ಟು ಭಾರ. ಅದನ್ನು ನಿಲ್ಲಿಸುವ ಸ್ಟ್ಯಾಂಡನ್ನು ಮಾತ್ರ ನನಗಿಂತ ಮೊದಲೇ ಯಾರೋ ಪುಣ್ಯಾತ್ಮರು ಹೂಕುಂಡ ಇಡುವುದಕ್ಕೆಂದು ಕೊಂಡುಹೋಗಿದ್ದರು.

ಆ ವರ್ಷದ ಗೌರಿ ಹಬ್ಬಕ್ಕೆ ತೋವಿನಕೆರೆಯ ಮಾವನ ಮನೆಗೆ ಹೋದಾಗ, ಈ ದುರ್ಬೀನಿಗೆ ಕ್ಯಾಮೆರಾ ಕಟ್ಟಿ ಚಂದ್ರನ ಫೋಟೊ ಹಿಡಿಯುತ್ತೇನೆಂದು ಬಾಯಿಬಿಟ್ಟೆ. ಭಾಮೈದ ಊಟದ ಎಲೆಯಿಂದ ತಲೆ ಎತ್ತದೆ ನಕ್ಕ.

"ಭಾವ, ಅದಕ್ಕೆಲ್ಲ ಗಣಿತ ಬೇಕು. ಮದುವೆ ಗಂಡು ಹೆಣ್ಣು ಕೂರಿಸಿ ಹಿಡಿದಂಗಲ್ಲ."

"ಚಂದ್ರನ್ನ ಹಿಡ್ಕೊಂಡು ಬರೋಗಂಟ ಈ ಹೊಸಿಲು ತುಳಿಯಾಕಿಲ್ಲ. ನಾನೂ ತುಳಿಯಾಕಿಲ್ಲ, ನಿಮ್ಮಕ್ಕನೂ ತುಳಿಯಾಕಿಲ್ಲ," ಎಂದೆ.

ಎರಡನೆಯ ಅರ್ಧವನ್ನು ನನ್ನ ಹೆಂಡತಿಯನ್ನು ಕೇಳಿ ಹೇಳಿರಲಿಲ್ಲ. ಹಿಂದಿರುಗುವಾಗ ಗಾಡಿಯಲ್ಲಿ ಅವಳು ಒಂದೇ ಮಾತು ಕೇಳಿದಳು: "ಬರೋ ವರ್ಸ ಗೌರಮ್ಮನ್ನ ನಾನು ಎಲ್ಲಿ ನೋಡ್ಲಿ?" ಮುಂದಿನ ಗೌರಿಯೊಳಗೆ ಚಂದ್ರ ಕೈಗೆ ಬರಬೇಕಿತ್ತು, ಇಲ್ಲದಿದ್ದರೆ ನನ್ನ ರೋಷಕ್ಕೆ ಅವಳು ತವರು ತೆರಬೇಕಿತ್ತು.

ಮೊದಲು ಸ್ಟುಡಿಯೋದ ಮುಕ್ಕಾಲಿ ಸ್ಟ್ಯಾಂಡಿನ ಮೇಲೆ ದುರ್ಬೀನು ಇಟ್ಟೆ. ಅದು ಮೂರೂ ಕಾಲು ಚಾಚಿ, ಸೇಂದಿ ಅಂಗಡಿಯಿಂದ ಹೊರಬಂದವನ ಹಾಗೆ ನೆಲದ ಮೇಲೆ ಕುಳಿತುಬಿಟ್ಟಿತು. ಸಿರಾದ ಬಡಗಿ ಸಾಹೇಬರ ಹತ್ತಿರ ಹೋದೆ. ಅವರು ಹೊನ್ನೆ ಮರದಲ್ಲಿ, ತೊಡೆ ಗಾತ್ರದ ಕಾಲುಗಳನ್ನಿಟ್ಟು ಮಾಡಿಕೊಟ್ಟರು.

"ಆನೆ ಕಟ್ಟಣ್ಣ, ಅಲ್ಲಾಡಿದ್ರೆ ನನ್ನ ಉಳಿ ನಿನಗೆ ಇನಾಮು," ಎಂದರು.

ಆನೆಗೆ ಅದು ಸಾಕಾಗುತ್ತಿತ್ತೋ ಏನೋ. ಚಂದ್ರನಿಗೆ ಸಾಲಲಿಲ್ಲ. ಕ್ಯಾಮೆರಾದ ಗಾಜಿನ ಪ್ಲೇಟಿನ ಮುಚ್ಚಳ ಎಳೆದರೆ ಸಾಕು, ಮೇಲೆ ಚಂದ್ರ ಗೆಜ್ಜೆ ಕಟ್ಟಿಕೊಂಡವನ ಹಾಗೆ ಕುಣಿಯುತ್ತಿದ್ದ. ಕುಣಿತ ನಿಲ್ಲಲಿ ಎಂದು ಕಾದರೆ, ಅಷ್ಟರಲ್ಲಿ ಗಾಜಿನಿಂದ ಆಚೆ ಜಾರಿ ಹೋಗುತ್ತಿದ್ದ. ತೊಳೆದು ನೋಡಿದರೆ ಪ್ಲೇಟಿನ ಮೇಲೆ ಒಂದು ಹಾಗಲಕಾಯಿ. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಸ್ಟ್ಯಾಂಡು ಸರಿಯಾಗೈತೆ, ಚಂದ್ರಂದೇ ತಪ್ಪು," ಎಂದು ತೀರ್ಪು ಕೊಟ್ಟರು. ಉಳಿ ಕೊಡಲಿಲ್ಲ.

ಪಾವಗಡದಿಂದ ಕಡಲೆಕಾಯಿ ಹೇರಿಕೊಂಡು ಬರುವ ಬಂಡಿಯವನು ಇದನ್ನೆಲ್ಲ ನೋಡಿ ತನ್ನ ಅರೆತೆಲುಗಿನಲ್ಲಿ ಮರುಗಿದ. "ಏಮಿ ಸ್ವಾಮಿ, ಇಂತ ಗೊಟ್ಟಮಿಗೆ, ಇಂತ ಕೊಳವೆಗೆ ಕಟ್ಟಿಗೆ ಕಾಲಾ? ನನ್ನ ಬಂಡಿ ಮ್ಯಾಲೆ ಕಟ್ಟಿ, ಕದಿಲಿ ಅಲ್ಲಾಡಿದ್ರೆ ಕೇಳಿ." ಕಟ್ಟಿದೆ. ಬಂಡಿ ಭಾರ ಹೊತ್ತಿತು, ನಿಜ. ಆದರೆ ಗಾಲಿಗೂ ಅಚ್ಚಿಗೂ ನಡುವೆ ಬೆರಳು ತೂರುವಷ್ಟು ಸಡಿಲ. ಚಂದ್ರ ಪಾವಗಡದ ರಸ್ತೆಯಲ್ಲಿ ಬಂಡಿಯಲ್ಲಿ ಕೂತು ಹೋಗುವವನ ಹಾಗೆ ಎತ್ತಿ ಎತ್ತಿ ಕುಕ್ಕಿಸಿಕೊಂಡ.

ಅಷ್ಟಾದ ಮೇಲೆ ನನಗೆ ಹೊಳೆದದ್ದಿಷ್ಟು. ಭಾರ ಹೊತ್ತರೆ ಸಾಲದು, ಹೊತ್ತದ್ದನ್ನು ಅಲುಗಿಸದೆ ತಿರುಗಿಸಲೂ ಬೇಕು. ಆಕಾಶವೆಲ್ಲ ಧ್ರುವನಕ್ಷತ್ರದ ಸುತ್ತ ತಿರುಗುತ್ತದೆ. ದುರ್ಬೀನೂ ಅದೇ ಗೂಟದ ಸುತ್ತ ತಿರುಗಬೇಕು. ಭಾರವೂ ಇದ್ದು, ನಡುವೆ ಗೂಟವೂ ಇದ್ದು, ಅಲುಗದೆ ತಿರುಗುವ ವಸ್ತು ನಮ್ಮ ಸೀಮೆಯ ಪ್ರತಿಯೊಂದು ಅಡಿಗೆ ಮನೆಯ ಮೂಲೆಯಲ್ಲೂ ಇದೆ. ಅವ್ವ ಅದರ ಮುಂದೆ ಕುಳಿತು ರಾಗಿ ಬೀಸುತ್ತಿದ್ದಳು.

"ಕಲ್ಲ ಕೊಟ್ಬುಟ್ಟು ಮುದ್ದೆಗೇನ್ಲಾ ಮಾಡ್ಲಿ? ಚಂದ್ರನ್ನ ಬೀಸ್ಲಾ?" ಎಂದಳು ಅವ್ವ. "ಹಬ್ಬದ ದಿನ ರಾಗಿ ಬೀಸಾಕಿಲ್ಲ. ಗೌರಿಗೊಂದಿನ, ಚೌತಿಗೊಂದಿನ ತಕಂಡೋಗು. ಮಾರನೇ ದಿನ ಬೆಳಿಗ್ಗೆ ನನ್ನ ಕಲ್ಲು ಇದೇ ಮೂಲೇಲಿ ಇರ್ಬೇಕು. ಅದ್ರ ಮ್ಯಾಲೆ ತೊಗಲು ಗಿಗಲು ಬಿಗಿದೀಯ, ಜ್ವಾಕೆ!"

ನಮ್ಮೂರಿನಲ್ಲಿ ಧ್ರುವ ಅಂಥ ಎತ್ತರದಲ್ಲೇನೂ ಇಲ್ಲ, ಎದುರು ಮನೆಯ ಹೆಂಚಿನ ಮೇಲೆ ಕಾಗೆ ಕೂತಷ್ಟು. ಆದ್ದರಿಂದ ಗೂಟ ಅವನ ಕಡೆ ಮುಖ ಮಾಡಬೇಕಾದರೆ ಕಲ್ಲು, ಗಾಡಿಯ ಗಾಲಿಯ ಹಾಗೆ, ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಬೇಕು. ಹಿತ್ತಲಿನಲ್ಲಿ ಎರಡು ಚಪ್ಪಡಿ ಹೂತು, ನಡುವೆ ಕೆಳಗಲ್ಲನ್ನು ನಿಲ್ಲಿಸಿ ಮಣ್ಣು ಬಡಿದೆ. ಮರದ ಗೂಟ ತೆಗೆದು ಕಬ್ಬಿಣದ್ದು ಹಾಕಿ, ಮೇಲ್ಗಲ್ಲು ಕಳಚಿ ಬೀಳದಂತೆ ಗಾಡಿಯ ಕಡಾಣಿ ಜಡಿದೆ. ದುರ್ಬೀನಿಗೆ ಬಟ್ಟೆ ಸುತ್ತಿ ಸೆಣಬಿನ ಹಗ್ಗದಿಂದ ಮೇಲ್ಗಲ್ಲಿಗೆ ಬಿಗಿದು, ಚಂದ್ರ ಇದ್ದ ಕಡೆಗೆ ಬಾಗುವಂತೆ ಬೆಣೆ ಕೊಟ್ಟು, ಇನ್ನೊಂದು ಬದಿಗೆ ಸರಿತೂಕದ ಕಲ್ಲು ಕಟ್ಟಿದೆ. ಕಿರುಬೆರಳಿನಿಂದ ತಳ್ಳಿದೆ. ತಿರುಗಿತು. ಬಿಟ್ಟೆ. ನಿಂತಿತು. ಗಣಿತ ಬಾರದ ಕಲ್ಲು.

ಗೌರಿಯ ಸಂಜೆ, ವರ್ಷವಿಡೀ ನಮ್ಮ ಸೀಮೆಗೆ ಮುಖ ತೋರಿಸದ ಮೋಡಗಳೆಲ್ಲ ಒಟ್ಟಾಗಿ ನಮ್ಮ ಹಿತ್ತಲಿನ ಮೇಲೆ ಬಂದು ನಿಂತವು. ಒಂದು ಹನಿ ಉದುರಿಸಲಿಲ್ಲ. ಹೆಂಡತಿ ನೆರೆಮನೆಯ ಗೌರಿಗೆ ಅರಿಶಿನ ಕುಂಕುಮ ಕೊಟ್ಟು ಬಂದು, ನನ್ನ ಮುಂದೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಮಾರನೆಯ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಇಡೀ ಊರು ತಲೆ ತಗ್ಗಿಸಿಕೊಂಡು ಓಡಾಡುತ್ತಿತ್ತು. ಚೌತಿಯ ಚಂದ್ರನನ್ನು ಯಾರು ತಾನೇ ನೋಡುತ್ತಾರೆ?

"ಬ್ಯಾಡ ಕಣ್ಲಾ, ಮಾಡ್ದಿರೋ ಕಳ್ತನ ಮೈಮ್ಯಾಲೆ ಬತ್ತದೆ!" ಅವ್ವ ಒಳಗಿನಿಂದಲೇ ಕೂಗಿದಳು.

"ಗಾಜಿನ ಮ್ಯಾಲೆ ತಲೆಕೆಳಗಾಗಿ ಕಾಣ್ತಾನೆ ಅವ್ವ. ಅಪವಾದಾನೂ ತಲೆಕೆಳಗೇ ಬರ್ಲಿ, ಹೊಗಳಿಕೆ ಆಯ್ತದೆ!"

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದು, ಚಂದ್ರನಿಗೆ ಬೆನ್ನು ಮಾಡಿ ಕಲ್ಲಿನ ಅಂಚು ಹಿಡಿದಳು.

"ನಾಳೆ ಸಂಜೆ ಗೌರಮ್ಮನ್ನ ನೀರಿಗೆ ಬುಡ್ತಾರೆ. ಹೆಂಗೆ ತಿರುಗಿಸ್ಬೇಕು ಹೇಳಿ," ಎಂದಳು.

ಅವಳು ಕಾಣದ ಚಂದ್ರನ ಹಿಂದೆ ಕಲ್ಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿದಳು. ನಾನು ಮುಚ್ಚಳ ಎಳೆದು, ಉಸಿರು ಹಿಡಿದು, ಮುಚ್ಚಿದೆ. ಕತ್ತಲೆ ಕೋಣೆಯಲ್ಲಿ ತೊಳೆದಾಗ ಪ್ಲೇಟಿನ ಮೇಲೆ ಚಂದ್ರ ಬಂದ: ಕೊರೆದಿಟ್ಟಂಥ ಬಿಲ್ಲು, ಒಳ ಅಂಚಿನಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. ಹಾಗಲಕಾಯಿಯಲ್ಲ.

ಬೆಳಿಗ್ಗೆ ಅವ್ವನ ಕಲ್ಲನ್ನು ಮೂಲೆ ಸೇರಿಸಿ, ಚಂದ್ರನನ್ನು ಬಿಸಿಲಿನಲ್ಲಿ ಕಾಗದಕ್ಕೆ ಇಳಿಸಿ, ಗಾಡಿ ಕಟ್ಟಿಸಿದೆ. ತೋವಿನಕೆರೆ ತಲಪುವಾಗ ಹೊತ್ತು ಇಳಿದಿತ್ತು. ಜಗಲಿಯ ಮೇಲೆ ಮಾವ, ಪಕ್ಕದಲ್ಲಿ ಬಿ.ಎ. ಹೊಸಿಲಿನ ಈಚೆಯೇ ನಿಂತು ಫೋಟೊ ಚಾಚಿದೆ.

ಮಾವ ಕೈ ಮುಂದೆ ಮಾಡಿ, ನಡುವೆಯೇ ತಡೆದರು. "ಯಾವತ್ತು ಹಿಡಿದದ್ದಪ್ಪ ಇದು?"

ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. "ನಿನ್ನೆ ಸಂಜೆ," ಎಂದೆ.

ಮಾವ ಗೋಡೆಯ ಕಡೆ ತಿರುಗಿದರು. ಅತ್ತೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ಎಲ್ಲರಿಗಿಂತ ಮೊದಲು ಮುಖಕ್ಕೆ ಅಂಗವಸ್ತ್ರ ಎಳೆದುಕೊಂಡವನು ಬಿ.ಎ.

"ಚೌತಿ ಚಂದ್ರ! ಮನೆಗೆ ತಂದಿದ್ದೀರಲ್ಲ ಭಾವ, ಬುದ್ಧಿ ಬೇಡವೆ?"

"ಯಾಕಪ್ಪ, ಗಣಿತದಲ್ಲಿ ಇದಕ್ಕೇನೂ ಹೇಳಿಲ್ವಾ?" ಎಂದೆ.

"ನೋಡದಿರೋ ಫೋಟೊ ಲೆಕ್ಕಕ್ಕಿಲ್ಲ," ಎಂದ ಬಟ್ಟೆಯೊಳಗಿಂದ. "ಕೊಬ್ಬರಿ ಚೂರು ಹಿಡಿದು ತಂದಿದ್ದರೂ ತಂದಿರಬಹುದು."

ಹೆಂಡತಿ ಫೋಟೊವನ್ನು ನನ್ನ ಕೈಯಿಂದ ತೆಗೆದು, ಬೋರಲಾಗಿ ಎದೆಗೆ ಒತ್ತಿಕೊಂಡಳು.

"ಚಂದ್ರನ್ನ ತತ್ತೀನಿ ಅಂದಿದ್ರು, ತಂದವ್ರೆ. ನೋಡ್ರಿ ಅಂತ ಯಾರಿಗೂ ಅಂದಿರ್ನಿಲ್ಲ. ಸರಿ ಕಣ್ಲಾ, ದಾರಿ ಬುಡು," ಎಂದು ತಮ್ಮನನ್ನು ಬದಿಗೆ ಸರಿಸಿ, ಹೊಸಿಲು ದಾಟಿ ಒಳಗೆ ಹೋದಳು. ಗೌರಿ ಇನ್ನೂ ಪೀಠದ ಮೇಲೆಯೇ ಇದ್ದಳು.

ಕೊಬ್ಬರಿಯ ಅಪವಾದ ಕೊಳಾಲದ ಸಂತೆಯವರೆಗೂ ಹೋಯಿತು. ಹೋಗಲಿ. ಸ್ಟುಡಿಯೋದ ಗಾಜಿನಲ್ಲಿ ಚಂದ್ರ ತೂಗುತ್ತಿದ್ದಾನೆ. ಭಾದ್ರಪದದ ಆ ಒಂದು ದಿನ ಮಾತ್ರ ಗಿರಾಕಿಗಳು ಕೇಳುತ್ತಾರೆಂದು ಮೇಲೆ ಪರದೆ ಇಳಿಬಿಡುತ್ತೇನೆ.

ಈಗ ನನಗಿರುವುದು ಒಂದು ಸ್ಟುಡಿಯೋ, ಎರಡು ಕ್ಯಾಮೆರಾ, ಒಂದು ದುರ್ಬೀನು, ನನ್ನದೇ ಎಂದು ಹೇಳಿ ಕಡೆಸಿಕೊಂಡ ಒಂದು ಜೊತೆ ರಾಗಿಕಲ್ಲು, ಚಂದ್ರನ ಪ್ಲೇಟು ಹನ್ನೊಂದು, ಮಕ್ಕಳು ಮೂವರು, ಹೆಂಡತಿ ಒಬ್ಬಳು.