ಪ್ಲಾಸ್ಟರ್ ತಲೆಗಳು

ಮೈಸೂರಿನಲ್ಲಿ ಚಿತ್ರಕಲೆ ಕಲಿಯುವಾಗ ಬಣ್ಣ ಮುಟ್ಟುವ ಮೊದಲು ಎರಡು ವರ್ಷ ನಾನು ಬರೀ ಪ್ಲಾಸ್ಟರ್ ತಲೆಗಳನ್ನು ಬರೆದೆ. ಗ್ರೀಕ್ ದೇವರ ತಲೆ, ರೋಮನ್ ದೊರೆಯ ತಲೆ, ಯಾವಳೋ ದೇವತೆಯ ಮೂಗು ಮುಕ್ಕಾದ ತಲೆ. ಯುರೋಪಿನ ಅಕಾಡೆಮಿಗಳ ಪದ್ಧತಿಯೇ ಅದು. ಮೊದಲು ದೊಡ್ಡವರ ಚಿತ್ರಗಳ ನಕಲು, ಆಮೇಲೆ ಪ್ಲಾಸ್ಟರ್, ಅದು ಕೈಗೆ ಹತ್ತಿದ ಮೇಲಷ್ಟೇ ಜೀವಂತ ಮನುಷ್ಯ. ದಾರಕ್ಕೆ ಗುಂಡು ಕಟ್ಟಿ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಕಿವಿ ಎಲ್ಲಿ ನಿಲ್ಲುತ್ತೆ, ಗಲ್ಲ ಎಲ್ಲಿ ಬರುತ್ತೆ ಅಂತ ಅಳೆಯಬೇಕು. ತಪ್ಪಿದರೆ ಮೇಷ್ಟ್ರು ಸ್ಕೇಲಿನಿಂದ ಗೆಣ್ಣಿಗೆ ಕೊಡೋರು. "ಕಣ್ಣಿರೋದು ನೋಡೋಕೆ ಕಣೋ, ಊಹೆ ಮಾಡೋಕಲ್ಲ" ಅನ್ನೋರು. ಅವರು ಅಂದ್ರೆ ಇವತ್ತಿಗೂ ನನಗೆ ಪ್ರಾಣ.

ಹೆಂಡತಿಯ ಐಟಿ ಕೆಲಸದ ಮೇಲೆ ಆಸ್ಟ್ರೇಲಿಯಾದಲ್ಲಿ ಕಾಯಂ ಇರೋಕೆ ಪಿಆರ್ ಸಿಕ್ಕಿ ಮೆಲ್ಬರ್ನಿಗೆ ಬಂದು, ಊರಾಚೆಯ ಕ್ಲೈಡ್ ನಾರ್ತ್ ಬಡಾವಣೆಯಲ್ಲಿ ಮನೆ ಮಾಡಿದೆವು. ಊರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ, ಇಲ್ಲೂ ಅದೇ ಆಗಬೇಕು ಅನ್ನೋದೊಂದೇ ನನ್ನ ಹಟ. ಬೇರೇನೂ ಕೇಳಲಿಲ್ಲ ಸ್ವಾಮಿ ನಾನು.

ಮೊದಲ ಇಂಟರ್‌ವ್ಯೂ ಸಿಡ್ನಿಯ ಒಂದು ಕಾಲೇಜಿನಲ್ಲಿ. ಅಲ್ಲೇ ಸ್ಕೋಫೀಲ್ಡ್ಸ್ ಬಡಾವಣೆಯ ನೆಂಟರ ಮನೆಯಲ್ಲಿ ಉಳಿದು, ಇಸ್ತ್ರಿ ಶರ್ಟ್ ಹಾಕಿಕೊಂಡು ಹೋದೆ. ನನ್ನ ಇದ್ದಿಲ ಚಿತ್ರಗಳನ್ನೆಲ್ಲ ತಿರುವಿ ಹಾಕಿ ಒಬ್ಬ ಹೆಂಗಸು ಕೇಳಿದಳು: "ಕೈಚಳಕ ಚೆನ್ನಾಗಿದೆ. ಆದರೆ ಇದೆಲ್ಲ ಯುರೋಪಿನದಲ್ವಾ? ಇದರಲ್ಲಿ ನಿಮ್ಮ ಸಂಸ್ಕೃತಿ ಎಲ್ಲಿ?" ನಖಶಿಖಾಂತ ಉರಿದುಹೋಯಿತು. ನಿಮ್ಮ ಅಜ್ಜಂದಿರೇ ಕಣಮ್ಮ ಈ ತಲೆಗಳನ್ನ ಹಡಗಿಗೆ ಹೇರಿಕೊಂಡು ಬಂದು ನಮ್ಮ ಮುಂದೆ ಕೂರಿಸಿದ್ದು, ಇದನ್ನ ಬರೆಯೋಕೆ ಬಂದರೆ ಮಾತ್ರ ಕಲಾವಿದ ಅಂದಿದ್ದು! ಬಾಯಿಗೆ ಬಂದದ್ದನ್ನು ನುಂಗಿಕೊಂಡು ಥ್ಯಾಂಕ್ಯೂ ಅಂದು ಎದ್ದು ಬಂದೆ. ನೆಂಟರು ಸಮಾಧಾನ ಹೇಳಿದರು, "ವಾರ್ಲಿ ವರ್ಕ್‌ಶಾಪ್ ಶುರು ಮಾಡ್ಬಿಡಿ, ಇಲ್ಲಿ ಸಖತ್ ಡಿಮ್ಯಾಂಡು." ಮಹಾರಾಷ್ಟ್ರದ ಬುಡಕಟ್ಟಿನವರು ಗೋಡೆ ಮೇಲೆ ಬರೆಯೋ ವಾರ್ಲಿಗೂ ಮೈಸೂರಿನ ನನಗೂ ಏನು ಸಂಬಂಧ, ನನ್ನ ತಲೆ!

ಆಮೇಲೆ ಮೆಲ್ಬರ್ನಿನಲ್ಲೇ ಒಂದು ಸ್ಟುಡಿಯೋ ಇರೋದು ಗೊತ್ತಾಯಿತು. ಇಟಲಿಯಲ್ಲಿ ಕಲಿತು ಬಂದ ಗಡ್ಡದ ಹುಡುಗನೊಬ್ಬ ಅದೇ ಹಳೇ ಪದ್ಧತಿಯನ್ನು ಹೇಳಿಕೊಡುತ್ತಿದ್ದ. ಬಾಗಿಲು ತೆಗೆದರೆ ಶೆಲ್ಫಿನ ಮೇಲೆ ನನ್ನ ಮೈಸೂರಿನ ತಲೆಗಳು! ನಂಬಿ, ಕಣ್ಣಲ್ಲಿ ನೀರು ಬಂತು. ಅಸಿಸ್ಟೆಂಟ್ ಮೇಷ್ಟ್ರ ಕೆಲಸ ಕೇಳಿದೆ. ಅವನು ನನ್ನ ಪೋರ್ಟ್‌ಫೋಲಿಯೋದಲ್ಲಿ ಎರಡು ಹಾಳೆ ಸರಿಸಿ, ನನ್ನ ಮುಖವನ್ನೇ ನೋಡುತ್ತಾ ನಿಂತ. "ನಿಮ್ಮ ತಲೆ ಅದ್ಭುತವಾಗಿದೆ. ಸದ್ಯಕ್ಕೆ ಮಾಡೆಲ್ ಆಗಿ ಬನ್ನಿ, ಪಾಠದ ವಿಷಯ ಮುಂದೆ ನೋಡೋಣ" ಅಂದ.

ಒಳಗೆ ಕಾಲಿಡೋದು ಮುಖ್ಯ ಅಂತ ಒಪ್ಪಿಕೊಂಡೆ. ಮನೆಯಲ್ಲಿ "ಕ್ಲಾಸಿಗೆ ಸಹಾಯ ಮಾಡ್ತಿದೀನಿ" ಅಂದೆ. ಮಂಗಳವಾರ ಮಂಗಳವಾರ ಹೋಗಿ ಎತ್ತರದ ಸ್ಟೂಲಿನ ಮೇಲೆ ಕೂತೆ. ಎರಡನೇ ವಾರ ಅವನು ಒಂದು ಕೆಂಪು ಬಟ್ಟೆ ತಂದು, ಪೇಟ ಸುತ್ತಿಕೊಳ್ಳಲು ಹೇಳಿದ. ಹಿಂದೆ ಪ್ಯಾರಿಸ್ಸಿನ ದೊಡ್ಡ ದೊಡ್ಡ ಪೇಂಟರ್‌ಗಳು ಪೂರ್ವದೇಶದವರನ್ನು ಹಾಗೇ ಕೂರಿಸುತ್ತಿದ್ದರಂತೆ. ಅದು ನನಗೆ ಗೊತ್ತಿಲ್ವೇ? ಪರೀಕ್ಷೆಗೆ ಉರು ಹೊಡೆದದ್ದು. ನಾನು ಜನ್ಮದಲ್ಲಿ ಪೇಟ ಕಟ್ಟಿದ್ದು ಒಂದೇ ಸಲ, ನನ್ನ ಮದುವೆಯಲ್ಲಿ, ಅದೂ ಸೋದರಮಾವ ಕಟ್ಟಿದ್ದು. ಹೇಗೋ ಸುತ್ತಿಕೊಂಡೆ. ಎಲ್ಲರೂ ಓಹೋ ಅಂದರು. ಎದುರಿನ ಹುಡುಗಿ ತನ್ನ ಚಿತ್ರದಲ್ಲಿ ನನ್ನ ಕಿವಿಯನ್ನು ಹುಬ್ಬಿನಿಂದ ಮೇಲಕ್ಕೆ ಕೂರಿಸಿದ್ದು ಅವಳ ಹಿಂದಿನ ಗೋಡೆಯ ಕನ್ನಡಿಯಲ್ಲಿ ಕಾಣುತ್ತಿತ್ತು. ತಡೆಯಲಾರದೆ, "ಕಿವಿ ಕೆಳಗೆ ಬರಬೇಕಮ್ಮ" ಅಂದುಬಿಟ್ಟೆ. ಗಡ್ಡದವನು ನಗುನಗುತ್ತಲೇ ತುಟಿಯ ಮೇಲೆ ಬೆರಳಿಟ್ಟ. ಮಾಡೆಲ್ ಮಾತಾಡಬಾರದು.

ಟರ್ಮ್ ಮುಗಿದ ದಿನ ನಾಚಿಕೆ ಬಿಟ್ಟು ಕೇಳಿದೆ, ಪಾಠದ ಕೆಲಸ ಏನಾಯ್ತು ಅಂತ. ಅವನು ಹೆಗಲ ಮೇಲೆ ಕೈ ಹಾಕಿದ. "ಪಾಠ ಮಾಡೋರು ಬೇಕಾದಷ್ಟು ಜನ ಸಿಗ್ತಾರೆ. ನಿಮ್ಮ ಹಾಗೆ ಅಲುಗಾಡದೆ ಕೂರೋರು ಸಿಗಲ್ಲ. ನಿಮ್ಮನ್ನ ಪರ್ಮನೆಂಟ್ ಮಾಡ್ಕೋತೀನಿ." ಪ್ರೀತಿಯಿಂದಲೇ ಹೇಳಿದ, ಮಹಾರಾಯ. ಬೈದಿದ್ದರೆ ತಿರುಗಿಸಿ ಬೈದು ಹೊರಟುಬಿಡಬಹುದಿತ್ತು. ನಾನು ಹೂಂ ಅಂದೆ.

ಕಾರಿಗೆ ಬಂದು ಕೂರುವಷ್ಟರಲ್ಲಿ ಹೆಂಡತಿಯ ಫೋನು. "ಕೆಲಸದ ವಿಷಯ ಏನ್ರೀ ಅಂದ್ರು?"

"ಪರ್ಮನೆಂಟ್ ಅಂತೆ."

ಅಷ್ಟೇ ಅಂದಿದ್ದು. ಮುಂದಿನದನ್ನು ಹೇಳಲು ಬಾಯಿ ತೆರೆದೆ, ಆಗಲೇ ಅವಳು ಅಳುತ್ತಿದ್ದಳು. ಇಷ್ಟು ವರ್ಷ ನೆಂಟರ ಮುಂದೆ ನನ್ನನ್ನು ಬಿಟ್ಟುಕೊಡದೆ ಕಾಪಾಡಿದವಳು ಅವಳು. ಮನೆ ಮುಟ್ಟುವ ಹೊತ್ತಿಗೆ ಕೇಸರಿಬಾತ್ ಆಗಿತ್ತು, ಪಕ್ಕದ ಮನೆಗಳಿಗೂ ಹೋಗಿತ್ತು. ಪಕ್ಕದ ಮನೆಯ ಹುಡುಗ ಬೇಲಿಯಾಚೆಯಿಂದಲೇ "ಕಂಗ್ರಾಟ್ಸ್ ಅಂಕಲ್, ಡ್ರಾಯಿಂಗ್ ಟೀಚರ್!" ಅಂತ ಕೂಗಿದ. ನಾನೂ ಕೈ ಬೀಸಿದೆ.

ಮಗಳಿಗೆ ಹತ್ತು ವರ್ಷ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಅವಳು ಬಂದು ನನ್ನ ತೋಳಿಗೆ ಜೋತುಬಿದ್ದಳು. "ಡ್ಯಾಡ್, ಕ್ಯಾನ್ ಐ ಕಮ್ ಅಂಡ್ ವಾಚ್ ಯು ಟೀಚ್?"

"ಬೇಡ ಪುಟ್ಟಿ," ಅಂದೆ. "ಅಲ್ಲಿ ಮಾಡೆಲ್ ಕೂತಿರ್ತಾನೆ. ಮಕ್ಕಳು ಬಂದು ನೋಡಿದ್ರೆ ಅವನಿಗೆ ಸಂಕೋಚ ಆಗುತ್ತೆ."