ಗಂಡ ಸೆರೆಯಾದವಳು

ಅವಳು ವಸ್ತುಸಂಗ್ರಹಾಲಯದಲ್ಲಿ ನೆಲ ಒರೆಸುವವಳು. ನಾಲ್ಕನೇ ಕೋಣೆಯಲ್ಲಿ ಆಳೆತ್ತರ ಮೀರಿದ ಒಂದು ಕಪ್ಪು ಕಲ್ಲಿತ್ತು. ದೂರದೇಶದ ಹಳೆಯ ದೊರೆಯೊಬ್ಬ ತನ್ನ ಕಾನೂನುಗಳನ್ನು ಕೆತ್ತಿಸಿದ ಕಲ್ಲು; ನಿಜವಾದದ್ದಲ್ಲ, ಅಚ್ಚು ತೆಗೆದದ್ದು. ಮೈತುಂಬ ಹಕ್ಕಿ ಕಾಲಿನ ಗುರುತಿನಂಥ ಅಕ್ಷರ. ಸೋಮವಾರ ಅದರ ಸಂದಿಯ ಧೂಳನ್ನು ಬ್ರಷ್ಷಿನಿಂದ ತೆಗೆಯುತ್ತಿದ್ದಳು. ಅದರಲ್ಲಿ ಏನೇನು ಬರೆದಿದೆ ಎಂದು ಕೇಳಿದವಳಲ್ಲ. ಕೇಳುವ ಹಾಗಾದದ್ದು ಮೊದಲ ಗಂಡ ತಿರುಗಿ ಬಂದ ಮೇಲೆ.

ಅವನು ಸರಕು ಹಡಗಿನಲ್ಲಿ ಅಡುಗೆಯವನು. ಮದುವೆಯಾದ ಮರುವರ್ಷವೇ ಆ ಹಡಗನ್ನು ಕಡಲ್ಗಳ್ಳರು ಹಿಡಿದರು. ಕಂಪನಿಯವರು ಆರು ತಿಂಗಳು ಇವತ್ತು ನಾಳೆ ಅಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ನಾಲ್ಕು ವರ್ಷ ಕಾದಳು. ಬೀದಿಯ ದರ್ಜಿಯ ಅಂಗಡಿಯಲ್ಲಿ ಗುಂಡಿ ಹಾಕುತ್ತಿದ್ದವಳು ಒಂದು ದಿನ ಅಲ್ಲೇ ತಲೆ ತಿರುಗಿ ಬಿದ್ದಳು. ದರ್ಜಿ ಗಂಜಿ ಕುಡಿಸಿದ. ವಸ್ತುಸಂಗ್ರಹಾಲಯದ ಕಾವಲುಗಾರರಿಗೆ ಸಮವಸ್ತ್ರ ಹೊಲಿಯುತ್ತಿದ್ದವನು ಅವನೇ, ಅಲ್ಲಿ ಕೆಲಸವನ್ನೂ ಕೊಡಿಸಿದ. ಇಬ್ಬರೂ ಮದುವೆ ನೋಂದಣಿಗೆ ಹೋದರೆ, "ಮೊದಲ ಗಂಡ ಸತ್ತದ್ದಕ್ಕೆ ಕಾಗದ ತನ್ನಿ" ಅಂದರು. ಕಾಗದವನ್ನು ಸಮುದ್ರ ಕೊಡುತ್ತದೆಯೇ? ಹಾಗೆಯೇ ಒಟ್ಟಿಗೆ ಬಾಳಿದರು. ಮಗಳು ಹುಟ್ಟಿದಳು, ಅವಳಿಗೀಗ ಐದು.

ಒಂದು ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ಹಲ್ಲುದುರಿದ ಒಬ್ಬ ಬಂದು ನಿಂತ. ದರ್ಜಿ ಟೇಪು ಕೈಗೆತ್ತಿಕೊಂಡು, "ಏನು ಹೊಲಿಸ್ಬೇಕಣ್ಣ?" ಅಂದ.

"ನನ್ನ ಹೆಂಡ್ತಿ ಇಲ್ಲಿದ್ದಾಳಂತೆ."

ಮಾರನೆಯ ಸೋಮವಾರ ಅವಳು ಬ್ರಷ್ಷು ಕೆಳಗಿಟ್ಟು, ಬಂದವರಿಗೆ ಕಲ್ಲುಗಳ ಕಥೆ ಹೇಳುವ ಗೈಡನ್ನು ಹುಡುಕಿಕೊಂಡು ಹೋದಳು. ನಿವೃತ್ತ ಶಿಕ್ಷಕರಾದ್ದರಿಂದ ಎಲ್ಲರಿಗೂ ಅವರು ಮೇಷ್ಟ್ರೇ.

"ಮೇಷ್ಟ್ರೇ, ಆ ಕಾನೂನಿನ ಕಲ್ಲಲ್ಲಿ ಎತ್ತು, ದೋಣಿ, ಮುರಿದ ಹಲ್ಲು ಎಲ್ಲಾ ಇದೆ ಅಂತೀರಲ್ಲ. ಗಂಡನ್ನ ಯಾರಾದ್ರೂ ಹಿಡ್ಕೊಂಡು ಹೋದ್ರೆ ಹೆಂಡ್ತಿ ಏನ್ಮಾಡ್ಬೇಕು ಅಂತ ಇದೆಯಾ?"

"ಇದೆಯಮ್ಮ. ಮನೇಲಿ ಕಾಳಿದ್ದೂ ಬೇರೆಯವನ ಮನೆ ಸೇರಿದ್ರೆ ಅವಳನ್ನ ನೀರಿಗೆಸೀಬೇಕು. ಕಾಳಿಲ್ಲದೆ ಹೋದ್ರೆ ಅವಳದು ತಪ್ಪಿಲ್ಲ."

ಅವಳು ಒರೆಸಿದ ಒದ್ದೆ ನೆಲದ ಮೇಲೇ ಕುಕ್ಕರಿಸಿದಳು. 'ತಪ್ಪಿಲ್ಲ' ಎಂಬ ಮಾತನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಅಂದಿರಲಿಲ್ಲ.

"ಮೂರೂವರೆ ಸಾವಿರ ವರ್ಷದ ಮೇಲಾಯ್ತು," ಅಂದರು ಮೇಷ್ಟ್ರು. "ಕಾನೂನು ಸುಮ್ಮನೆ ಹುಟ್ಟೋದಿಲ್ಲಮ್ಮ. ಎಷ್ಟು ಗಂಡಸರನ್ನ ಯುದ್ಧದಲ್ಲಿ ಹಿಡ್ಕೊಂಡು ಹೋಗಿದ್ರೋ, ಎಷ್ಟು ಮನೇಲಿ ಒಲೆ ಆರಿತ್ತೋ, ಆಮೇಲೆ ತಾನೇ ದೊರೆ ಇದನ್ನ ಕೆತ್ತಿಸಿದ್ದು."

"ಗಂಡ ತಿರುಗಿ ಬಂದ್ರೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಅವಳು ಮೊದಲನೆಯವನ ಹತ್ರ ಹೋಗ್ಬೇಕು. ಮಕ್ಕಳು ಅವರಪ್ಪನ ಹತ್ರ."

"ಅವಳನ್ನ ಕೇಳೋದಿಲ್ವಾ?"

"ಅದನ್ನ ಬರೆದಿಲ್ಲಮ್ಮ."

ವಕೀಲರೂ ಇಂಗ್ಲಿಷ್ ಬೆರೆಸಿ ಹೆಚ್ಚುಕಡಿಮೆ ಅದನ್ನೇ ಹೇಳಿದರು: ಮೊದಲ ಮದುವೆ ಮುರಿದಿಲ್ಲ, ಎರಡನೆಯದು ಮದುವೆಯೇ ಅಲ್ಲ. ದರ್ಜಿ, "ನೀನು ಹೇಗಂದ್ರೆ ಹಾಗೆ" ಅಂದ. ಮೊದಲ ಗಂಡನದೂ ಅದೇ ಮಾತು. ಇಬ್ಬರೂ ಒಳ್ಳೆಯವರಾದದ್ದೇ ಕಷ್ಟವಾಯಿತು. ಒಬ್ಬನಾದರೂ ಕೆಟ್ಟವನಾಗಿದ್ದರೆ ನಾಲ್ಕು ಬೈದು ಬಾಗಿಲು ಹಾಕಿಕೊಳ್ಳಬಹುದಿತ್ತು.

ವರ್ಷಗಟ್ಟಲೆ ಸೆರೆಯಲ್ಲಿದ್ದು ಬಂದ ಮೊದಲ ಗಂಡನಿಗೆ ಒಂದು ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಬಾಗಿಲು ಮುಚ್ಚಿದರೆ ಕಿರುಚುತ್ತಿದ್ದ. ಅವನಿಗೆ ತನ್ನವರೆಂದು ಬೇರೆ ಯಾರೂ ಇರಲಿಲ್ಲ. ಎರಡು ಬೀದಿ ಆಚೆ ಒಂದು ಕೋಣೆ ಬಾಡಿಗೆಗೆ ಹಿಡಿದು ಅವಳು ಅವನ ಜೊತೆ ಹೋದಳು. ಮಗಳನ್ನು ಅಲ್ಲಿಗೆ ಕರೆದೊಯ್ಯಲು ಧೈರ್ಯ ಬರಲಿಲ್ಲ. ಮಗು ದರ್ಜಿಯ ಹತ್ತಿರವೇ ಉಳಿಯಿತು.

ದಿನಾ ಕೆಲಸಕ್ಕೆ ಮೊದಲು ಅವಳು ಶಾಲೆಯ ಗೇಟಿನಲ್ಲಿ ನಿಲ್ಲುತ್ತಾಳೆ. "ಅಮ್ಮಾ, ಇವತ್ತು ಮನೆಗೆ ಬರ್ತೀಯಾ?" ಎಂದು ಮಗಳು ಕೇಳುತ್ತಾಳೆ. "ಭಾನುವಾರ, ಪುಟ್ಟಾ."

ಭಾನುವಾರ ಅವಳು ಹೋಗುವ ಹೊತ್ತಿಗೆ ದರ್ಜಿ ಬಾಗಿಲು ತೆರೆದಿಟ್ಟು, ದಾರ ತರುತ್ತೇನೆಂದು ಹೊರಟುಬಿಡುತ್ತಾನೆ. ಭಾನುವಾರ ದಾರದ ಅಂಗಡಿಗಳೆಲ್ಲ ಮುಚ್ಚಿರುತ್ತವೆ.