ಚಾವಿ ಕೊಡುವ ಕೈ

ನಮ್ಮ ಕಚೇರಿಯ ಮೈಲಾರಪ್ಪ ಈಗ ಹೆಡ್ ಕ್ಲಾರ್ಕ್. ಪಗಾರ ನನಗಿಂತ ಹೆಚ್ಚು. ಆದರೂ ಕೈಗೆ ವಾಚಿಲ್ಲ. ವೇಳೆ ಬೇಕಾದರೆ ಜವಾನನನ್ನು ಕೇಳುತ್ತಾನೆ, ಇಲ್ಲವೆ ಕಿಟಕಿಯ ಬಿಸಿಲು ಎಲ್ಲಿಗೆ ಬಂತೆಂದು ನೋಡುತ್ತಾನೆ. ಹೊಸದಾಗಿ ಬಂದವರು ಅವನಿಗೆ ಜಿಪುಣನೆಂದು ಹೆಸರಿಟ್ಟು ನಗುತ್ತಾರೆ. ಕಚೇರಿ ಎಂದಮೇಲೆ ಕೆಲಸಕ್ಕಿಂತ ಕೊಂಕೇ ಹೆಚ್ಚು, ಅದು ಹೊಸದಲ್ಲ. ಆದರೂ ಆ ನಗು ಕೇಳಿದಾಗ ನನಗೆ ಮೈ ಉರಿಯುತ್ತದೆ.

ಉಪ್ಪಿನಬೆಟಗೇರಿಯಲ್ಲಿ, ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನು. ಮ್ಯಾಟ್ರಿಕ್ ಮುಗಿಸಿ, ಐವತ್ತೆಂಟನೆಯ ಇಸವಿಯಲ್ಲಿ ಧಾರವಾಡದ ನಮ್ಮ ಕಚೇರಿಗೆ ಕಾರಕೂನನಾಗಿ ಬಂದ. ಅವನು ನೀರಿನ ಹೂಜಿಯ ಕಡೆ ಎದ್ದು ಹೋದರೆ ಸಾಕು, ಬರೆಯುತ್ತಿದ್ದವರ ಲೇಖನಿ ನಿಲ್ಲುತ್ತಿತ್ತು. ಬಾಯಿಬಿಟ್ಟು ಯಾರೂ ಏನೂ ಅನ್ನುತ್ತಿರಲಿಲ್ಲ, ಕಾಯಿದೆಯ ಅಂಜಿಕೆ. ಮೈಲಾರಪ್ಪ ಮನೆಯಿಂದಲೇ ಶೀಸೆಯಲ್ಲಿ ನೀರು ತರತೊಡಗಿದ. ನಾವೆಲ್ಲ ನಿಶ್ಚಿಂತರಾದೆವು.

ಅಂಥ ದಿನಗಳಲ್ಲಿ ಅವನನ್ನು ತಮ್ಮ ಟೇಬಲ್ಲಿಗೆ ಕರೆದವರು ಬಿಂದುಮಾಧವರಾಯರು, ನಮಗೆಲ್ಲ ಹಿರಿಯರು. ಮಾವನ ಮನೆಯಿಂದ ಬಂದ ಬಂಗಾರದ ಸ್ವಿಸ್ ವಾಚು ಅವರ ಕೈಯಲ್ಲಿತ್ತು. ತೊಗಲು ಮನೆಯಲ್ಲಿ ನಡೆಯುವುದಿಲ್ಲವೆಂದು ಪಟ್ಟಿಯೂ ಲೋಹದ್ದೇ. ರಾಯರ ಹೆಬ್ಬೆರಳಿಗೆ ವಾತ ಹಿಡಿದು, ಚಾವಿ ತಿರುವಲು ಬರುತ್ತಿರಲಿಲ್ಲ. ಬೆಳಿಗ್ಗೆ ಮನೆಯವರೆಲ್ಲ ಮಡಿಯಲ್ಲಿರುವುದರಿಂದ ಯಾರೂ ವಾಚು ಮುಟ್ಟುವಂತಿಲ್ಲ. ಹೀಗಾಗಿ ಚಾವಿ ಕೊಡುವ ಕೆಲಸ ಮೈಲಾರಪ್ಪನ ಪಾಲಿಗೆ ಬಂತು. ರಾಯರು ವಾಚು ಬಿಚ್ಚಿ ಟೇಬಲ್ ಮೇಲಿಡುವರು. ಇವನು ಕೈ ಒರಸಿಕೊಂಡು ಎತ್ತಿಕೊಂಡು, ಚಾವಿ ಕೊಟ್ಟು, ತಿರುಗಿ ಟೇಬಲ್ ಮೇಲಿಡುವನು. ಕೈತಪ್ಪಿ ಬೀಳಬಾರದೆಂದು ಹಾಗೆ ಮಾಡುತ್ತಾರೆಂದು ನಾನೂ ತಿಳಿದಿದ್ದೆ, ಅವನೂ ತಿಳಿದಿದ್ದ.

ಆ ವಾಚಿನ ಜೋಪಾನವೇ ಒಂದು ಪುರಾಣ. ದಿನಾ ಸಂಜೆ ಮನೆಯ ಕಟ್ಟೆಯ ಮೇಲೆ ಕೂತು ರಾಯರು ಅದನ್ನು ಒರಸಿಯೇ ಒಳಗೆ ಹೋಗುವರಂತೆ. ಮೊದಲು ಚಾವಿಯ ಗುಂಡಿ ಒಳಕ್ಕೆ ಒತ್ತಿದೆಯೋ ಇಲ್ಲವೋ ನೋಡಬೇಕು, ಸಡಿಲಿದ್ದರೆ ಧೂಳು ಹೋಗುತ್ತದೆ. ಹಳೆಯ ಧೋತರದ ಮೆತ್ತನೆ ತುಂಡಿನಿಂದ ಗಾಜು ಒರಸಬೇಕು. ಪಟ್ಟಿಯ ಸಂದಿಗೆ ಒಣ ಬ್ರಶ್ಶು ಆಡಿಸಬೇಕು. ನೀರು ಮಾತ್ರ ತಾಕಿಸಬಾರದು, ಬಾಯಿಯ ಹಬೆಯನ್ನೂ ಊದಬಾರದು. ಇದನ್ನೆಲ್ಲ ಅವರು ಮೈಲಾರಪ್ಪನಿಗೆ ಮಗನಿಗೆ ಕಲಿಸಿದಂತೆ ಕಲಿಸಿದ್ದರು. ದೇವರ ಪೂಜೆಗಿಂತ ರಾಯರದು ವಾಚಿನ ಪೂಜೆಯೇ ಜೋರು ಎಂದು ನಾವು ಚೇಷ್ಟೆ ಮಾಡಿದರೆ ಅವರು ನಕ್ಕುಬಿಡುವರು. ಮೈಲಾರಪ್ಪ ಒಮ್ಮೆ ನನಗೆ ಹೇಳಿದ: "ಈ ಕಚೇರ್ಯಾಗ ನನ್ನ ಕೈ ನಂಬಿದವರು ರಾಯರೊಬ್ಬರ ನೋಡ್ರಿ. ಅದಕ್ಕs ನಾ ಇಲ್ಲಿ ನಿಂತೇನಿ." ನಾನು ಎದುರಿಗೇ ಕೂತಿದ್ದೆ. ಆದರೂ ಆ ಮಾತು ಸುಳ್ಳೆನ್ನಲು ನನಗೆ ಬಾಯಿ ಬರಲಿಲ್ಲ.

ಅರವತ್ತೊಂದರ ಬೇಸಿಗೆಯಲ್ಲಿ ರಾಯರಿಗೆ ಕಚೇರಿಯಲ್ಲೇ ಲಕ್ವಾ ಹೊಡೆಯಿತು. ಹೊತ್ತು ಟಾಂಗಾಕ್ಕೆ ಹಾಕಿದವನು ಮೈಲಾರಪ್ಪ. ದವಾಖಾನೆಯಲ್ಲಿ ನರ್ಸು ವಾಚು ಬಿಚ್ಚಿ, ಮನೆಯವರಿಗೆ ಮುಟ್ಟಿಸೆಂದು ಇವನ ಕೈಗೆ ಕೊಟ್ಟಳು. ಬೆವರು, ಧೂಳು ಹತ್ತಿದ್ದ ವಾಚು. ಹಾಗೇ ಕೊಡಲು ಅವನಿಗೆ ಮನಸ್ಸಾಗಲಿಲ್ಲ. ತನ್ನ ಮನೆಗೆ ಒಯ್ದು, ಹೆಂಡತಿ ಸಾವಕ್ಕ ಹರಿದುಕೊಟ್ಟ ಮೆತ್ತನೆ ಅರಿವೆಯಿಂದ, ಕಲಿಸಿದಂತೆಯೇ ಒರಸಿದ. ಕಿವಿಗಿಟ್ಟು ಕೇಳಿದ. ಟಿಕ್ ಟಿಕ್ ನಡೆದಿತ್ತು. ರಾಯರೂ ಬದುಕುತ್ತಾರೆ ಎಂದು ಹೆಂಡತಿಗೆ ಹೇಳಿದನಂತೆ.

ರಾಯರ ಮನೆಯಲ್ಲಿ ಅವರ ವೃದ್ಧ ತಾಯಿ ಬಾಗಿಲಿಗೆ ಬಂದರು. ಕಟ್ಟೆಯ ಮೇಲಿಡು ಎಂದರು. ಇಟ್ಟ. ಆಕೆ ತಂಬಿಗೆ ತಂದು ವಾಚಿನ ಮೇಲೆ ನೀರು ಸುರಿದೇಬಿಟ್ಟರು. ಮೈಲಾರಪ್ಪ ಗಾಬರಿಯಾಗಿ, ನೀರು ಹೋದರೆ ಯಂತ್ರ ಕೆಡುತ್ತದೆ, ನಾನು ಒರಸಿಯೇ ತಂದಿದ್ದೇನೆ ಎಂದ.

ಮುದುಕಿ ಸಿಟ್ಟಾಗಲಿಲ್ಲ. ಅಕ್ಕಿಗೆ ಎಷ್ಟು ನೀರೆಂದು ಹೇಳುವಷ್ಟೇ ಸಹಜವಾಗಿ ಹೇಳಿದರು: "ನೀ ಒರಸಿದ್ರ ಹೆಂಗ ಆಗ್ತದಪಾ? ದಿನಾ ನೀ ಮುಟ್ಟಿ ಚಾವಿ ಕೊಡ್ತಿದ್ದಿ. ಬಿಂದೂ ಸಂಜೀಕೆ ಕಟ್ಟೀ ಮ್ಯಾಲ ಕೂತು ಆ ಮೈಲಿಗಿ ಒರಸಿ ಒಳಗ ಬರ್ತಿದ್ದ. ನೀರು ಹಾಕಿದ್ರ ಕೆಡ್ತದ, ಅರಿವೀಲೆ ಒರಸಿದ್ರ ಸಾಕು ಅಂತ ನನ್ನ ಒಪ್ಪಿಸಿದ್ದ. ಈಗ ಒರಸಾಂವ ಮಲಗ್ಯಾನ."

ಮೈಲಾರಪ್ಪ ಹೊರಟುಬಂದ. ಅಂದು ಸಂಜೆ ನನ್ನ ಮುಂದೆ ಇದನ್ನು ಹೇಳುವಾಗ ತನ್ನ ಎರಡೂ ಅಂಗೈ ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದ. ಕಲಿತ ಒಂದೊಂದು ಪಾಠವೂ, ಮೆತ್ತನೆ ಅರಿವೆ, ಒಣ ಬ್ರಶ್ಶು, ಎಲ್ಲವೂ ತನ್ನನ್ನೇ ಒರಸಿಹಾಕುವ ಪಾಠವಾಗಿತ್ತೆಂದು ಅವನಿಗೆ ಗೊತ್ತಾಗಿತ್ತು. ನನಗೆ ರಾಯರ ಮೇಲೆ ಸಿಟ್ಟು ಬಂತು. ತಾಯಿಯನ್ನು ಒಪ್ಪಿಸಿಯಾದರೂ ಇವನ ಕೈಗೇ ಚಾವಿ ಕೊಡಿಸುತ್ತಿದ್ದರಲ್ಲ ಎಂದು ಮರುಗಳಿಗೆ ಕನಿಕರವೂ ಬಂತು. ಅವರು ಅದನ್ನು ನಂಬಿ ಒರಸಿದರೋ, ತಾಯಿಗಾಗಿ ಒರಸಿದರೋ, ನನಗೆ ಇಂದಿಗೂ ಗೊತ್ತಿಲ್ಲ.

ರಾಯರಿಗೆ ಎಚ್ಚರ ಬಂದಿದೆಯೆಂದು ಕೇಳಿ ನಾನೇ ಅವನನ್ನು ಬಲವಂತವಾಗಿ ದವಾಖಾನೆಗೆ ಕರೆದೊಯ್ದೆ. ಅವರ ಬಲಗಡೆ ಪೂರ್ತಿ ಹೋಗಿತ್ತು, ಮಾತೂ ಹೋಗಿತ್ತು. ಹೆಂಡತಿ ನಿರುಪಮಾಬಾಯಿ ಪಕ್ಕದಲ್ಲಿ ತಲೆತಗ್ಗಿಸಿ ಕೂತಿದ್ದರು. ಮೈಲಾರಪ್ಪನನ್ನು ಕಂಡದ್ದೇ ರಾಯರ ಮುಖ ಅರಳಿತು. ದಿಂಬಿನ ಪಕ್ಕ ತಡವರಿಸಿ, ಮನೆಯಿಂದ ತಂದಿಟ್ಟಿದ್ದ ವಾಚನ್ನು ಎಡಗೈಯಿಂದ ಹುಡುಕಿ ತೆಗೆದು ಅವನತ್ತ ಚಾಚಿದರು. ವಾಚು ನಿಂತಿತ್ತು, ಗಾಜಿನೊಳಗೆ ಮಂಜು ಕವಿದಿತ್ತು. ಚಾವಿ ಇಲ್ಲದೆ ನಿಂತಿದೆ ಎಂದೇ ಅವರು ತಿಳಿದಂತಿತ್ತು. ಅಷ್ಟು ವರ್ಷಗಳಲ್ಲಿ ಅದನ್ನು ಕೈಯಿಂದ ಕೈಗೆ ಕೊಡಬಂದದ್ದು ಅದೇ ಮೊದಲು.

ಮೈಲಾರಪ್ಪ ಕೈ ಚಾಚಲಿಲ್ಲ.

"ಟೇಬಲ್ ಮ್ಯಾಲ ಇಡ್ರಿ, ರಾಯರ," ಎಂದ. "ನಾ ತಗೋತೇನಿ."

ಟೇಬಲ್ಲು ಅವರ ಬಲಗಡೆಗಿತ್ತು. ರಾಯರು ಅವನ ಮುಖ ನೋಡಿದರು, ಆಮೇಲೆ ಹೆಂಡತಿಯ ಮುಖ ನೋಡಿದರು. ಕಣ್ಣಿಂದ ನೀರಿಳಿಯಿತು. ಕೈ ಮಾತ್ರ ಹಾಗೇ ಚಾಚಿಕೊಂಡಿತ್ತು. ಕೊನೆಗೆ ನಿರುಪಮಾಬಾಯಿ ಎದ್ದು ವಾಚು ಇಸಿದುಕೊಂಡು ಟೇಬಲ್ ಮೇಲಿಟ್ಟರು. ಮೈಲಾರಪ್ಪ ಕೈ ಒರಸಿಕೊಂಡು ಅದನ್ನೆತ್ತಿ, ಎಂದಿನಂತೆ ಚಾವಿ ಕೊಟ್ಟು, ತಿರುಗಿ ಅಲ್ಲೇ ಇಟ್ಟ. ಅದು ನಡೆಯಲಿಲ್ಲ.